ಅದೇ ಓಡಿತು, ನಾನು ಓಡಿಸಲಿಲ್ಲ

ಕಾಫಿ ಕಣ ವರ್ಷದಲ್ಲಿ ಮೂರು ತಿಂಗಳು ಮಾತ್ರ ಕಾಫಿಯದ್ದು. ಡಿಸೆಂಬರಿನಿಂದ ಫೆಬ್ರವರಿಯ ತನಕ ಹಣ್ಣು ಹರವಿ ಒಣಗಿಸುತ್ತೇವೆ. ಮೂಟೆ ಕಟ್ಟಿದ ಮೇಲೆ ಆ ಸಿಮೆಂಟು ಬಯಲು ನಾಯಿಗೆ, ಹಪ್ಪಳಕ್ಕೆ, ರಜೆಗೆ ಬರುವ ಮಕ್ಕಳಿಗೆ ಸೇರಿದ್ದು. ಮೂಡಿಗೆರೆ ಸೀಮೆಯ ನಮ್ಮ ಮನೆಗೆ ಕಳೆದ ಬೇಸಿಗೆ ರಜೆಯಲ್ಲಿ ಅಕ್ಕ, ಭಾವ, ಇಬ್ಬರು ಮಕ್ಕಳು ಬಂದರು. ಕಾರಿನ ಡಿಕ್ಕಿಯಿಂದ ಭಾವ ಒಂದು ಮಿನಿ ಬೈಕನ್ನು ಇಳಿಸಿದರು. 49 ಸಿಸಿ, ಟೂ ಸ್ಟ್ರೋಕ್, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಗೇರಿಲ್ಲ, ಕೈಯಲ್ಲಿ ಹಿಡಿಯುವ ಕ್ಲಚ್ಚೂ ಇಲ್ಲ. ಬೆಂಗಳೂರಿನ ಅಂಗಡಿಯವನು "ಐದು ವರ್ಷದ ಮಗುವೂ ಓಡಿಸುತ್ತದೆ" ಎಂದಿದ್ದನಂತೆ.

ಅಕ್ಕನ ಮಗಳು, ನಮ್ಮ ಪುಟ್ಟಿಗೆ ಏಳು. ತೂಕ ಇಪ್ಪತ್ತೊಂದು ಕಿಲೋ. ಬೈಕನ್ನು ಕಾಫಿ ತೂಗುವ ತಕ್ಕಡಿಗೆ ಹಾಕಿದರೆ ಇಪ್ಪತ್ತೈದು ಬಂತು. ಆ ಲೆಕ್ಕ ಆಗಲೇ ನನಗೆ ಹಿಡಿಸಲಿಲ್ಲ. ಆದರೆ ದಾರಿಯುದ್ದಕ್ಕೂ ಕಾರಿನಲ್ಲಿ ಅದರ ಕನಸು ಕಂಡು ಬಂದ ಮಗುವಿಗೆ ತಕ್ಕಡಿ ತೋರಿಸಿ ಏನು ಹೇಳುವುದು? ಹೆಲ್ಮೆಟ್, ಕೈಗವಸು, ಮಂಡಿಗೆ ಪ್ಯಾಡು ಎಲ್ಲ ಕಟ್ಟಿ ಕೂರಿಸಿದೆವು. ಭಾವ ಹಗ್ಗ ಎಳೆದರು. ಪುಟ್ಟಿ ಬಲಗೈಯನ್ನು ಒಂದಿಷ್ಟೇ ತಿರುಗಿಸಿದಳು. ಏನೂ ಆಗಲಿಲ್ಲ. ಇನ್ನೊಂದಿಷ್ಟು ತಿರುಗಿಸಿದಳು. ಬರೀ ಸದ್ದು. ಮತ್ತೂ ಒಂದು ಎಳೆಯಷ್ಟು ತಿರುಗಿಸುವಷ್ಟರಲ್ಲಿ ಗಾಡಿ ಹಿಂದಿನಿಂದ ಯಾರೋ ಒದ್ದ ಹಾಗೆ ನೆಗೆಯಿತು. ಕಣದ ಅಂಚಿನಲ್ಲಿ ಕಾಫಿ ಸಿಪ್ಪೆಯ ರಾಶಿ ಇದ್ದದ್ದು ನಮ್ಮ ಪುಣ್ಯ. ಬೈಕು ಅದರೊಳಗೆ ಮೂತಿ ತೂರಿಸಿ ನಿಂತಿತು, ಮಗು ಅದರ ಮೇಲೆ ಬೋರಲು ಬಿದ್ದಿತ್ತು. ಎತ್ತಿಕೊಂಡಾಗ ಅವಳು ಅಳುತ್ತಿರಲಿಲ್ಲ. ಕೋಪದಿಂದ ಹೇಳಿದಳು: "ಮಾವ, ಅದೇ ಓಡಿತು. ನಾನು ಓಡಿಸಲಿಲ್ಲ."

ಅಕ್ಕ ಭಾವನಿಗೆ ಏನು ಹೇಳಿದಳು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಬೈಕನ್ನು ಸರಿ ಮಾಡುವ ತನಕ ಮಕ್ಕಳು ಅದರ ಹತ್ತಿರ ಸುಳಿಯಬಾರದು ಎಂದು ತೀರ್ಮಾನವಾಯಿತು, ಸರಿ ಮಾಡುವ ಕೆಲಸ ನನ್ನ ತಲೆಗೆ ಬಂತು. ತೋಟದ ಪಂಪ್‌ಸೆಟ್ಟು, ಕಳೆ ಹೊಡೆಯುವ ಮಷೀನು ಬಿಚ್ಚಿ ಅಭ್ಯಾಸವಿರುವವನು ನಾನೊಬ್ಬನೇ ಅಲ್ಲವೇ.

ತೊಂದರೆ ಎಂದರೆ ವೇಗ ಎಂದು ನಾನು ಮೊದಲು ತಿಳಿದೆ. ಮೊಬೈಲನ್ನು ಜೇಬಿನಲ್ಲಿಟ್ಟು ತೋಟದ ನೇರ ದಾರಿಯಲ್ಲಿ ನಾನೇ ಒಂದು ಸಲ ಓಡಿಸಿದೆ, ಮಂಡಿ ಎರಡೂ ಕಿವಿಯ ಹತ್ತಿರ. 36 ಕಿಲೋಮೀಟರ್ ವೇಗ ತೋರಿಸಿತು. ಏಳು ವರ್ಷದವಳಿಗೆ ಇದು ತೀರಾ ಹೆಚ್ಚು ಎಂಬುದರಲ್ಲಿ ಅನುಮಾನವಿಲ್ಲ. ಯಮಹಾದವರು 1980ರ ದಶಕದ ಆರಂಭದಿಂದ ಮಕ್ಕಳಿಗೆಂದೇ ಮಾಡುತ್ತಾ ಬಂದಿರುವ ಪಿಡಬ್ಲ್ಯೂ 50 ಎಂಬ ಗಾಡಿಯ ಆಕ್ಸಿಲರೇಟರ್ ಹಿಡಿಯಲ್ಲಿ ಒಂದು ತಿರುಪು ಇರುತ್ತದೆ. ಅದನ್ನು ಒಳಗೆ ತಿರುಗಿಸಿದಷ್ಟೂ ಹಿಡಿ ತಿರುಗುವುದು ಕಡಿಮೆ. ಮಗು ಕಲಿತ ಹಾಗೆ ಅಪ್ಪ ಅಮ್ಮ ತಿರುಪನ್ನು ಸ್ವಲ್ಪ ಸ್ವಲ್ಪವೇ ಹೊರಗೆ ಬಿಡುತ್ತಾರೆ. ನಮ್ಮ ಅಗ್ಗದ ಗಾಡಿಯಲ್ಲಿ ಆ ತಿರುಪು ಇರಲಿಲ್ಲ. ಹಾಗಾಗಿ ಅದೇ ಕೆಲಸವನ್ನು ಇಂಜಿನ್ನಿಗೆ ಗಾಳಿ, ಪೆಟ್ರೋಲು ಬೆರೆಸಿ ಕೊಡುವ ಕಾರ್ಬುರೇಟರಿನೊಳಗೆ ಮಾಡಲು ಹೊರಟೆ.

ಈ ಕಾರ್ಬುರೇಟರಿನ ಒಳಗೆ ಹೆಬ್ಬೆರಳಿನ ತುದಿಯಷ್ಟು ಒಂದು ಸ್ಲೈಡ್ ಇರುತ್ತದೆ. ಕೈ ತಿರುಗಿಸಿದರೆ ಕೇಬಲ್ ಅದನ್ನು ಮೇಲಕ್ಕೆ ಎಳೆಯುತ್ತದೆ, ಬಿಟ್ಟರೆ ಅದರ ತಲೆಯ ಮೇಲಿನ ಸ್ಪ್ರಿಂಗ್ ಕೆಳಕ್ಕೆ ತಳ್ಳುತ್ತದೆ. ಸ್ಲೈಡ್ ಎಷ್ಟು ಏರಿದರೆ ಅಷ್ಟು ಗಾಳಿ, ಅಷ್ಟು ಪೆಟ್ರೋಲು. ಸ್ಪ್ರಿಂಗಿನ ಒಳಗೆ, ಕೇಬಲ್ಲಿನ ಸುತ್ತ ಒಂದು ಕೊಳವೆಯ ತುಂಡನ್ನು ಇಟ್ಟರೆ ಸ್ಲೈಡ್ ಅದಕ್ಕೆ ತಾಗಿದಲ್ಲಿಗೆ ನಿಲ್ಲುತ್ತದೆ. ಪೆಟ್ರೋಲ್ ಪೈಪಿನ ಒಂದು ರಬ್ಬರು ತುಂಡು ಕತ್ತರಿಸಿ ತೂರಿಸಿದೆ. ಐದು ನಿಮಿಷದ ಕೆಲಸ. ಹಿಂದಿನ ಚಕ್ರವನ್ನು ಮರದ ದಿಮ್ಮಿಯ ಮೇಲೆ ಎತ್ತಿ ನಿಲ್ಲಿಸಿ ಸ್ಟಾರ್ಟ್ ಮಾಡಿದೆ, ಕೈ ತಿರುಗಿಸಿದೆ, ಬಿಟ್ಟೆ.

ಇಂಜಿನ್ ಇಳಿಯಲಿಲ್ಲ. ಕೈ ಬಿಟ್ಟರೂ ಚಕ್ರ ಗಿರ್ರೆನ್ನುತ್ತಲೇ ಇತ್ತು. ಸ್ವಿಚ್ ಒತ್ತಿ ನಿಲ್ಲಿಸಿ ಬಿಚ್ಚಿ ನೋಡಿದರೆ ರಬ್ಬರು ಒಂದು ಬದಿಗೆ ವಾಲಿ, ಸ್ಪ್ರಿಂಗಿನ ಒಂದು ಸುತ್ತು ಅದರ ಅಂಚಿಗೆ ಕಚ್ಚಿಕೊಂಡಿತ್ತು. ಸ್ಲೈಡ್ ಅರ್ಧದಲ್ಲೇ ಸಿಕ್ಕಿಹಾಕಿಕೊಂಡಿತ್ತು. ದಿಮ್ಮಿಯ ಮೇಲೆ ಪರೀಕ್ಷಿಸದೆ ನೇರ ಕಣಕ್ಕೆ ಇಳಿಸಿದ್ದರೆ? ಆ ರಾತ್ರಿ ಊಟ ಸೇರಲಿಲ್ಲ. ಅಂದಿನಿಂದ ಇವತ್ತಿನವರೆಗೂ ಆ ಗಾಡಿಯ ಒಂದು ಬೋಲ್ಟು ಮುಟ್ಟಿದರೂ ಮೊದಲು ದಿಮ್ಮಿಯ ಮೇಲೆ ಏರಿಸಿ, ಹತ್ತು ಸಲ ಕೈ ತಿರುಗಿಸಿ ಬಿಟ್ಟು, ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿಯೇ ಕೆಳಗಿಳಿಸುತ್ತೇನೆ. ಹ್ಯಾಂಡಲ್ ತಿರುಗಿಸಿದಾಗ ಕೇಬಲ್ ಜಗ್ಗಿ ತಾನೇ ಆಕ್ಸಿಲರೇಟರ್ ಕೊಡುವ ಗಾಡಿಗಳೂ ಇರುತ್ತವೆ.

ರಬ್ಬರಿನ ಬದಲು ಗಟ್ಟಿಯಾದದ್ದು ಬೇಕಿತ್ತು. ಬಾಲ್ ಪೆನ್ನಿನ ಕೊಳವೆ ಅಳತೆಗೆ ಸರಿಯಿತ್ತು, ಆದರೆ ಅಂಥ ಪ್ಲಾಸ್ಟಿಕ್ಕನ್ನು ಪೆಟ್ರೋಲು ತಿಂದುಹಾಕುತ್ತದೆ. ಕೊನೆಗೆ ಅಟ್ಟದಲ್ಲಿದ್ದ ಅಪ್ಪನ ಹಳೆಯ ರೇಡಿಯೋ ನೆನಪಾಯಿತು. ಅದರ ಎಳೆಯುವ ಆಂಟೆನಾ ಹಿತ್ತಾಳೆಯದ್ದು, ಒಂದರೊಳಗೊಂದು ಸೇರುವ ಗೆಣ್ಣು ಗೆಣ್ಣು ಕೊಳವೆಗಳು. ಎರಡನೆಯ ಗೆಣ್ಣು ಸ್ಪ್ರಿಂಗಿನೊಳಗೆ ಸರಾಗವಾಗಿ ಜಾರಿತು, ಕೇಬಲ್ ಅದರೊಳಗೆ ಸಲೀಸಾಗಿ ಆಡಿತು. ಕಬ್ಬಿಣದ ಗರಗಸದಲ್ಲಿ ತುಂಡು ಮಾಡಿ, ತುದಿಗಳನ್ನು ಅರದಿಂದ ಉಜ್ಜಿ, ಎಮೆರಿ ಕಾಗದದಲ್ಲಿ ನುಣುಪು ಮಾಡಿ, ಉಗುರು ಆಡಿಸಿದರೂ ಎಲ್ಲೂ ತಡೆಯದಂತೆ ನೋಡಿಕೊಂಡೆ. ಮೂರು ಅಳತೆಯ ತುಂಡುಗಳನ್ನು ಮಾಡಿದೆ. ಅತಿ ಉದ್ದದ್ದನ್ನು ಹಾಕಿದರೆ ಸ್ಲೈಡ್ ಮೂರು ಮಿಲಿಮೀಟರ್ ಮಾತ್ರ ಏರುತ್ತಿತ್ತು. ಮಧ್ಯದ್ದಕ್ಕೆ ಐದು, ಗಿಡ್ಡದ್ದಕ್ಕೆ ಏಳು. ಬೆಂಕಿಪೊಟ್ಟಣಕ್ಕೆ ಹಾಕಿ ಮೇಲೆ ಅಳತೆ ಬರೆದಿಟ್ಟೆ.

ಬಹಳ ಬುದ್ಧಿವಂತಿಕೆ ಮಾಡಿದೆ ಎಂದುಕೊಂಡು ಪುಟ್ಟಿಯ ಅಣ್ಣ, ಹತ್ತು ವರ್ಷದ ಅಳಿಯನನ್ನು ಕೂರಿಸಿದೆ. ಅವನಿಗೆ ಸೈಕಲ್ ಚೆನ್ನಾಗಿ ಬರುತ್ತದೆ, ಬಿದ್ದು ಎದ್ದು ಅಭ್ಯಾಸವಿದೆ. ಗಾಡಿ ಹೊರಟಿತು, ಆದರೆ ತಿಣುಕುತ್ತಾ ಹೊರಟಿತು. ಇಂಜಿನ್ ಗೋಳಾಡುತ್ತದೆ, ಚಕ್ರ ಮನಸ್ಸಿಲ್ಲದೆ ಉರುಳುತ್ತದೆ. ಕಣದಿಂದ ಮನೆಗೆ ಬರುವ ಸಣ್ಣ ಏರಿನಲ್ಲಿ ಅದು ನಿಂತೇ ಹೋಯಿತು, ಹಿಂದೆಯೇ ಸುಟ್ಟ ವಾಸನೆ ಬಂತು. ಬ್ರೇಕ್ ಇರಬಹುದು ಎಂದು ಮುಟ್ಟಿ ನೋಡಿದೆ, ತಣ್ಣಗಿತ್ತು. ಕ್ಲಚ್ಚಿನ ಬಟ್ಟಲು ಮಾತ್ರ ಮುಟ್ಟುವ ಹಾಗಿರಲಿಲ್ಲ.

ಮರುದಿನ ಇಂಜಿನನ್ನು ಗೋಣಿಚೀಲಕ್ಕೆ ಹಾಕಿಕೊಂಡು ಪೇಟೆಗೆ ಹೋದೆ. ಬೈಕ್ ಮೆಕ್ಯಾನಿಕ್ಕಿನ ಹತ್ತಿರ ಅಲ್ಲ, ನಮ್ಮ ಕಳೆ ಹೊಡೆಯುವ ಮಷೀನುಗಳನ್ನು ರಿಪೇರಿ ಮಾಡುವವರ ಹತ್ತಿರ. ಯಾಕೆಂದರೆ ಬಿಚ್ಚಿದಾಗ ಕಂಡದ್ದು ಅದೇ ವಂಶ: ಅದೇ ಎಳೆಯುವ ಹಗ್ಗ, ಅದೇ ಎಣ್ಣೆ ಬೆರೆಸಿದ ಪೆಟ್ರೋಲು, ಅದೇ ಎರಡು ಶೂಗಳ, ಎಂದರೆ ಬಟ್ಟಲಿಗೆ ಅಂಟಿ ಹಿಡಿಯುವ ತುಂಡುಗಳ ಕ್ಲಚ್ಚು. ಆ ಹಿರಿಯರು ಮಷೀನನ್ನು ತಿರುಗಿಸಿ ನೋಡಿ ನಕ್ಕರು.

"ಇದಕ್ಕೆ ಬ್ಲೇಡಿನ ಬದಲು ಚಕ್ರ ಹಾಕಿದ್ದಾರೆ, ಅಷ್ಟೇ. ಮಗು ಎಲ್ಲಿ ಬಿತ್ತು? ಓಡುವಾಗಲೋ, ಹೊರಡುವಾಗಲೋ?"

"ಹೊರಡುವಾಗ."

"ಮತ್ತೆ ನೀವು ಓಟವನ್ನು ಯಾಕೆ ಕಟ್ಟಿಹಾಕಿದಿರಿ?"

ಅವರು ಬಿಡಿಸಿ ಹೇಳಿದ್ದು ಹೀಗೆ. ಈ ಕ್ಲಚ್ಚಿನಲ್ಲಿ ಎರಡು ಶೂಗಳು ಇಂಜಿನ್ ಜೊತೆ ತಿರುಗುತ್ತವೆ, ಒಂದು ಸ್ಪ್ರಿಂಗ್ ಅವೆರಡನ್ನೂ ಒಳಕ್ಕೆ ಎಳೆದು ಹಿಡಿದಿರುತ್ತದೆ. ಇಂಜಿನ್ ವೇಗ ಹೆಚ್ಚಿದಂತೆ ಶೂಗಳು ಹೊರಕ್ಕೆ ಸಿಡಿಯಲು ನೋಡುತ್ತವೆ. ಸ್ಪ್ರಿಂಗ್ ಸೋತಾಗ ಅವು ಸುತ್ತಲಿನ ಬಟ್ಟಲಿಗೆ ಅಂಟಿಕೊಳ್ಳುತ್ತವೆ, ಚಕ್ರ ತಿರುಗುತ್ತದೆ. ನಮ್ಮ ಟಿವಿಎಸ್ ಎಕ್ಸ್‌ಎಲ್‌ಗಳಲ್ಲಿ ಇರುವುದೂ ಇದೇ ತತ್ವ. ಈ ಗಾಡಿಯ ಸ್ಪ್ರಿಂಗ್ ಬಿರುಸಾದದ್ದು. ಇಂಜಿನ್ ಚೆನ್ನಾಗಿ ಕೂಗುವ ತನಕ ಬಿಡುವುದಿಲ್ಲ, ಬಿಟ್ಟಾಗ ಒಂದೇ ಏಟಿಗೆ ಬಿಡುತ್ತದೆ. ಮಗು ತಿರುಗಿಸಿದ ಮೊದಲ ಎರಡು ಸಲ ಏನೂ ಆಗದೆ ಮೂರನೆಯ ಸಲ ಒದೆ ಬಿದ್ದದ್ದು ಅದಕ್ಕೇ. ನಾನು ಕೊಳವೆ ಹಾಕಿ ಇಂಜಿನ್ನಿನ ಉಸಿರು ಹಿಡಿದಾಗ ಶೂಗಳು ಪೂರ್ತಿ ಅಂಟಿಕೊಳ್ಳುವಷ್ಟು ಶಕ್ತಿಯೇ ಇಲ್ಲ. ಅರ್ಧ ಅಂಟಿ, ಜಾರಿ ಜಾರಿ ಸುಟ್ಟವು.

ಅವರ ಬಳಿ ಹಾರ್ಲಿಕ್ಸ್ ಬಾಟಲಿಯಲ್ಲಿ ಹಳೆಯ ಕ್ಲಚ್ ಸ್ಪ್ರಿಂಗುಗಳಿದ್ದವು, ಬಳಲಿ ಸಡಿಲಾದವು. ಕಳೆ ಮಷೀನಿಗೆ ಅಂಥದ್ದು ಅಪಾಯ. ಸ್ಪ್ರಿಂಗ್ ಸಡಿಲಾದರೆ ಸುಮ್ಮನೆ ಹಿಡಿದು ನಿಂತಾಗಲೂ ಬ್ಲೇಡು ತಿರುಗುತ್ತಿರುತ್ತದೆ. ಹಾಗಾಗಿ ಬಿಚ್ಚಿ ಎಸೆದವು. ಒಂದೊಂದನ್ನೇ ಎರಡು ಬೆರಳಿನಲ್ಲಿ ಜಗ್ಗಿ ನೋಡಿ, ಏಳೆಂಟು ಬದಿಗಿಟ್ಟು, ಅಳತೆಗೆ ಕೂಡುವ ಒಂದನ್ನು ಆರಿಸಿದರು. "ಇದು ಬೇಗ ಸೋಲುತ್ತದೆ. ನಿಮಗೆ ಬೇಕಾದದ್ದೂ ಅದೇ." ಸುಟ್ಟ ಶೂಗಳ ಮೇಲಿನ ಹೊಳಪನ್ನು ಎಮೆರಿಯಲ್ಲಿ ಉಜ್ಜಿ ತೆಗೆದರು. ನೂರು ರೂಪಾಯಿ ತೆಗೆದುಕೊಂಡರು, ಚಹಾ ಅವರದ್ದೇ.

ಸಡಿಲ ಸ್ಪ್ರಿಂಗಿಗೆ ಐಡ್ಲಿಂಗ್, ಎಂದರೆ ಕೈ ತಿರುಗಿಸದಿದ್ದಾಗಿನ ಇಂಜಿನ್ ವೇಗ, ತೀರಾ ಕಡಿಮೆ ಇರಬೇಕು, ಇಲ್ಲದಿದ್ದರೆ ನಿಂತಲ್ಲೇ ಗಾಡಿ ತೆವಳುತ್ತದೆ. ಮನೆಗೆ ಬಂದು ದಿಮ್ಮಿಯ ಮೇಲೆ ಏರಿಸಿ ಐಡ್ಲಿಂಗ್ ತಿರುಪನ್ನು ಕಾಲು ಸುತ್ತು, ಕಾಲು ಸುತ್ತು ಇಳಿಸುತ್ತಾ ಹೋದೆ. ಇಂಜಿನ್ ಬಿಸಿಯಾದ ಮೇಲೂ ಹಿಂದಿನ ಚಕ್ರ ಅಲ್ಲಾಡದ ಜಾಗ ಸಿಗಲು ಅರ್ಧ ದಿನ ಹಿಡಿಯಿತು. ತಣ್ಣಗಿರುವಾಗ ಒಂದು ಲೆಕ್ಕ, ಬಿಸಿಯಾದ ಮೇಲೆ ಇನ್ನೊಂದು ಲೆಕ್ಕ. ಈಗಲೂ ಮಕ್ಕಳನ್ನು ಕೂರಿಸುವ ಮುಂಚೆ ಎರಡು ನಿಮಿಷ ಇಂಜಿನ್ ಓಡಲು ಬಿಡುತ್ತೇನೆ.

ಆಮೇಲೆ ಸ್ಪ್ರಾಕೆಟ್ಟು, ಚೈನು ಕೂರುವ ಹಲ್ಲಿನ ಚಕ್ರ. ಮುಂದಿನದು 14 ಹಲ್ಲು, ಹಿಂದಿನದು 44. ಎಂದರೆ ಮುಂದಿನದು ಮೂರು ಸುತ್ತಿಗೆ ಸ್ವಲ್ಪ ಹೆಚ್ಚು ತಿರುಗಿದರೆ ಚಕ್ರ ಒಂದು ಸುತ್ತು. ಮುಂದೆ 11, ಹಿಂದೆ 54 ತರಿಸಿದೆ. ಈಗ ಐದು ಸುತ್ತಿಗೆ ಹತ್ತಿರ. ಕಾಗದದ ಮೇಲೆ 36 ಕಿಲೋಮೀಟರ್ ವೇಗ 23ಕ್ಕೆ ಇಳಿಯಿತು. ಇದರ ಇನ್ನೊಂದು ಲಾಭ, ಕ್ಲಚ್ಚು ಹಿಡಿಯುವ ಕ್ಷಣದಲ್ಲಿ ಗಾಡಿ ಹೋಗಬೇಕಾದ ವೇಗವೂ ಅಷ್ಟೇ ಕಡಿಮೆಯಾಗುತ್ತದೆ, ಶೂಗಳು ಬೇಗ ಅಂಟಿಕೊಳ್ಳುತ್ತವೆ, ಸುಡುವುದಿಲ್ಲ. ಆದರೆ ಹಿಂದಿನ ಹಲ್ಲು ಹೆಚ್ಚಿದರೆ ಎಳೆತವೂ ಹೆಚ್ಚುತ್ತದೆ ಎಂಬುದನ್ನು ಮರೆಯಬಾರದು. ಕೊಳವೆ ತೆಗೆದು ಬರೀ ಸ್ಪ್ರಾಕೆಟ್ ಬದಲಿಸಿ ನೋಡಿದೆ. ಕೈ ಜೋರಾಗಿ ತಿರುಗಿಸಿದರೆ ನಾನು ಕೂತಾಗಲೂ ಮುಂದಿನ ಚಕ್ರ ಹಗುರವಾಗುತ್ತಿತ್ತು. ಇಂಟರ್ನೆಟ್ಟಿನಲ್ಲಿ "ಹಿಂದಿನ ಸ್ಪ್ರಾಕೆಟ್ ದೊಡ್ಡದು ಹಾಕಿ, ಮಕ್ಕಳಿಗೆ ಸಾಧುವಾಗುತ್ತದೆ" ಎಂದು ಬರೆಯುವವರು ಅರ್ಧ ಮಾತು ಹೇಳುತ್ತಾರೆ. ಸ್ಪ್ರಿಂಗ್, ಸ್ಪ್ರಾಕೆಟ್, ಕೊಳವೆ ಮೂರೂ ಒಟ್ಟಿಗೆ ಇದ್ದಾಗಲೇ ಅದು ಸಾಧುವಾದದ್ದು.

ಹಿಂದಿನ ಸ್ಪ್ರಾಕೆಟ್ಟಿನ ಬೋಲ್ಟ್ ತೂತುಗಳು ನಮ್ಮ ಚಕ್ರಕ್ಕೆ ಕೂಡಲಿಲ್ಲ, ಲೇಥ್ ಅಂಗಡಿಯಲ್ಲಿ ಹೊಸ ತೂತು ಕೊರೆಸಬೇಕಾಯಿತು. ಚೈನಿಗೆ ನಾಲ್ಕು ಕೊಂಡಿ ಸೇರಿಸಿದೆ. ಚೈನಿನ ಮೇಲೆ ಮರೆ ಇರಲಿಲ್ಲ, ಎಣ್ಣೆ ಡಬ್ಬಿಯ ತಗಡು ಬಗ್ಗಿಸಿ ಮಾಡಿದೆ. ಸೈಲೆನ್ಸರಿನ ಬಾಯಿಗೆ ಸಣ್ಣ ತೂತಿನ ವಾಷರ್ ಹಾಕಿ ಶಕ್ತಿ ಇಳಿಸುವ ಪ್ರಯೋಗವನ್ನೂ ಒಂದು ಮಧ್ಯಾಹ್ನ ಮಾಡಿದೆ. ಇಂಜಿನ್ ವಿಪರೀತ ಬಿಸಿಯಾಯಿತು, ಸ್ಟಾರ್ಟ್ ಮಾಡಿ ಮಾಡಿ ಭುಜ ನೋವು ಬಂತು. ತೆಗೆದು ಎಸೆದೆ.

ಇಷ್ಟೆಲ್ಲ ಆದ ಮೇಲೆ ಪುಟ್ಟಿಯನ್ನು ನಿಂತ ಗಾಡಿಯ ಮೇಲೆ ಕೂರಿಸಿ ಅವಳ ಕೈಯನ್ನು ನೋಡಿದೆ. ಮೊದಲ ದಿನವೇ ನೋಡಬೇಕಿತ್ತು. ಬೆರಳಿನ ತುದಿ ಬ್ರೇಕ್ ಲಿವರಿಗೆ ತಾಗುತ್ತಿತ್ತು, ಬಗ್ಗಿ ಹಿಡಿಯಲು ಸಿಗುತ್ತಿರಲಿಲ್ಲ. ಅಂದು ಅವಳು ಬ್ರೇಕ್ ಹಾಕಲಿಲ್ಲ ಎಂದು ನಾವು ಅಂದುಕೊಂಡಿದ್ದೆವು. ಹಾಕುವುದು ಸಾಧ್ಯವೇ ಇರಲಿಲ್ಲ! ಲಿವರಿನ ತಿರುಪು ಒಳಗೆ ಮಾಡಿ ಎರಡೂ ಲಿವರುಗಳನ್ನು ಹಿಡಿಯ ಹತ್ತಿರ ತಂದೆ. ದಪ್ಪ ಸ್ಪಂಜಿನ ಹಿಡಿ ತೆಗೆದು ತೆಳ್ಳಗಿನ ರಬ್ಬರು ಹಿಡಿ ಹಾಕಿದೆ. ಸೀಟಿನ ಸ್ಪಂಜನ್ನು ಮನೆಯ ಚೂರಿಯಲ್ಲೇ ನಾಲ್ಕು ಸೆಂಟಿಮೀಟರ್ ಕೊಯ್ದೆ. ಈಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರುತ್ತಿದ್ದವು.

ಇನ್ನೊಂದು ವಿಷಯ ಉಳಿದಿತ್ತು. ಹೆದರಿದ ಮಗು ಹಿಡಿದದ್ದನ್ನು ಬಿಡುವುದಿಲ್ಲ, ಇನ್ನೂ ಬಿಗಿಯಾಗಿ ಹಿಡಿಯುತ್ತದೆ. ಗಾಡಿ ಮುಂದೆ ನೆಗೆದಾಗ ಮೈ ಹಿಂದಕ್ಕೆ ವಾಲುತ್ತದೆ, ಬಿಗಿಹಿಡಿದ ಬಲಗೈಯೂ ಹಿಂದಕ್ಕೆ ತಿರುಗುತ್ತದೆ, ಆಕ್ಸಿಲರೇಟರ್ ಇನ್ನೂ ಏರುತ್ತದೆ. ಇದಕ್ಕೆ ಮದ್ದು ಒಂದು ದಾರದ ಸ್ವಿಚ್ಚು. ದಾರದ ತುದಿಯ ಬಿಲ್ಲೆ ಸ್ವಿಚ್ಚಿನಿಂದ ಕಳಚಿದ ಕೂಡಲೇ ಕಿಡಿಯ ಕರೆಂಟು ಗಾಡಿಯ ಲೋಹದ ಮೈಗೆ ಹರಿದು ಇಂಜಿನ್ ಸಾಯುತ್ತದೆ. ಆನ್‌ಲೈನ್‌ನಲ್ಲಿ ತರಿಸಿ, ಕಿಡಿ ಹುಟ್ಟಿಸುವ ಕಾಯಿಲಿನಿಂದ ಬರುವ ಸ್ವಿಚ್ಚಿನ ವೈರಿಗೆ ಜೋಡಿಸಿದೆ. ಈ ಪಟ್ಟಿಯಲ್ಲಿ ಒಂದನ್ನೇ ಮಾಡಲು ಪುರುಸೊತ್ತಿದ್ದರೆ ಇದನ್ನು ಮಾಡಿ ಎನ್ನುತ್ತೇನೆ.

ಪಾಠ ಕಣದಲ್ಲಿ ಅಲ್ಲ, ಕೊಯ್ಲಾದ ಗದ್ದೆಯಲ್ಲಿ ಶುರುವಾಯಿತು. ಸಿಮೆಂಟಿಗಿಂತ ಒಣ ಕೂಳೆಯ ನೆಲ ದಯಾಳು. ಮೊದಲ ದಿನ ಇಂಜಿನ್ನೇ ಇಲ್ಲ. ಇಳಿಜಾರಿನ ಮೇಲಿಂದ ಸುಮ್ಮನೆ ಉರುಳುವುದು, ಎಡಗೈಯಿಂದ ಹಿಂದಿನ ಬ್ರೇಕ್ ಹಿಡಿದು ನಾನು ಹೇಳಿದ ಕಡೆ ನಿಲ್ಲುವುದು. ಎಡಗೈ ತಾನಾಗಿ ಹೋಗುವ ತನಕ ಮುಂದಿನ ಪಾಠವಿಲ್ಲ. ಅಳಿಯನಿಗೆ ಇದು ಅವಮಾನವೆನಿಸಿತು, ಪುಟ್ಟಿಗೆ ಜಾರುಬಂಡೆ. ಎರಡನೆಯ ದಿನ ದಿಮ್ಮಿಯ ಮೇಲೆ, ಇಂಜಿನ್ ಚಾಲೂ. ಕೈ ತಿರುಗಿಸಿ ಬಿಡುವುದು, ಚಕ್ರ ತಿರುಗಲು ಶುರುವಾಗುವ ಸದ್ದನ್ನು ಕಣ್ಣು ಮುಚ್ಚಿ ಗುರುತಿಸುವುದು. ನಾಲ್ಕೈದು ಸಲಕ್ಕೆ ಅವಳು "ಈಗ" ಎಂದಾಗ ಸರಿಯಾಗಿ ಚಕ್ರ ಅಲ್ಲಾಡುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ದಾರದ ತುದಿ ನನ್ನ ಕೈಯಲ್ಲಿ. ಅವಳು ಕೈ ತಿರುಗಿಸಿದಳು. ಇಂಜಿನ್ನಿನ ಸದ್ದು ಸ್ವಲ್ಪ ತಗ್ಗಿತು, ಕ್ಲಚ್ಚು ಹಿಡಿದಾಗ ಹಾಗಾಗುತ್ತದೆ. ಗಾಡಿ ಎತ್ತಿನ ಗಾಡಿಯಂತೆ ಮೆಲ್ಲನೆ ಕದಲಿತು. ನಾನು ಪಕ್ಕದಲ್ಲಿ ನಡೆದೆ, ಆಮೇಲೆ ಬಿರುಸಾಗಿ ನಡೆದೆ, ಆಮೇಲೆ ಓಡಿದೆ. ಆ ಮೂರು ಮಿಲಿಮೀಟರಿನ ಕೊಳವೆಯಲ್ಲಿ ಅದು ಹೋಗುವುದು ಗಂಟೆಗೆ 12 ಕಿಲೋಮೀಟರ್. ಕೇಳಲು ಕಡಿಮೆ, ನಲವತ್ತಾರರ ವಯಸ್ಸಿನಲ್ಲಿ ಗದ್ದೆಯ ಕೂಳೆ ತುಳಿಯುತ್ತಾ ಓಡಲು ಕಡಿಮೆಯಲ್ಲ. ಅರ್ಧ ಗದ್ದೆಗೆ ಉಸಿರು ಸಿಕ್ಕಲಿಲ್ಲ, ಮುಗ್ಗರಿಸಿದೆ, ದಾರ ಜಗ್ಗಿತು, ಇಂಜಿನ್ ನಿಂತಿತು. ಪುಟ್ಟಿ ಎರಡೂ ಕಾಲು ಊರಿ ತಿರುಗಿ ನೋಡಿ, "ಮಾವ, ನಾನು ಸರಿಯಾಗೇ ಓಡಿಸುತ್ತಿದ್ದೆ!" ಎಂದಳು. ನಾಲ್ಕನೆಯ ದಿನದಿಂದ ದಾರ ಅವಳ ಮಣಿಕಟ್ಟಿಗೆ ಹೋಯಿತು.

ಗದ್ದೆಯ ಆಚೆ ಊರಿನ ಡಾಂಬರು ರಸ್ತೆ. ತಡಿಕೆಯ ಗೇಟಿಗೆ ಬೀಗ ಹಾಕಿ ಬೀಗದ ಕೈಯನ್ನು ಅಕ್ಕ ಸೆರಗಿಗೆ ಕಟ್ಟಿಕೊಂಡಿದ್ದಳು. 16 ತುಂಬದವರು ಯಾವ ಮೋಟಾರು ಗಾಡಿಯನ್ನೂ ರಸ್ತೆಗೆ ಇಳಿಸುವಂತಿಲ್ಲ, 2019ರ ತಿದ್ದುಪಡಿಯ ನಂತರ ಮಕ್ಕಳು ಸಿಕ್ಕಿಬಿದ್ದರೆ ದೊಡ್ಡವರಿಗೆ 25 ಸಾವಿರ ದಂಡ, ಮೂರು ವರ್ಷದ ತನಕ ಜೈಲು. ಇದನ್ನು ಭಾವನಿಗೆ ಅಕ್ಕ ದಿನಕ್ಕೊಂದು ಸಲ ನೆನಪಿಸುತ್ತಿದ್ದಳು.

ಮೇ ಎರಡನೆಯ ವಾರಕ್ಕೆ ಅಳಿಯನಿಗೆ ಐದರ ಕೊಳವೆ ಹಾಕಿಕೊಟ್ಟೆ. ಅವನು ಗದ್ದೆಯ ಬದುವಿನ ಪಕ್ಕ ಎಂಟರ ಆಕಾರದಲ್ಲಿ ತಿರುಗಿಸುವುದನ್ನು ಕಲಿತ. ಪುಟ್ಟಿಗೂ ಐದರದ್ದು ಹಾಕಲೇ ಎಂದು ಕೇಳಿದೆ. ಅವಳು ಯೋಚಿಸಿ, ಬೇಡ ಎಂದಳು. ಹಾಗಾಗಿ ಸರದಿ ಬದಲಾದಾಗಲೆಲ್ಲ ನಾನು ಕಾರ್ಬುರೇಟರಿನ ಮುಚ್ಚಳ ಬಿಚ್ಚಿ ಕೊಳವೆ ಬದಲಿಸಬೇಕಾಯಿತು, ಪ್ರತಿ ಸಲವೂ ದಿಮ್ಮಿ, ಹತ್ತು ಸಲ ಕೈ ತಿರುಗಿಸಿ ಬಿಡುವುದು. ದಿನಕ್ಕೆ ಆರೇಳು ಸಲ. ಅದಕ್ಕೂ ಒಂದು ಹೊರತಿರುಪು ಮಾಡಬಹುದಿತ್ತು, ಈ ಬೇಸಿಗೆಗೆ ಮಾಡುತ್ತೇನೆ.

ಮೇ ಕೊನೆಯಲ್ಲಿ ಮಳೆ ಹಿಡಿಯಿತು. ಪೆಟ್ರೋಲು ಬಸಿದು, ಚೈನಿಗೆ ಗ್ರೀಸ್ ಬಳಿದು, ಬೈಕನ್ನು ಕಾಫಿ ಗೋದಾಮಿನ ಮೂಲೆಗೆ ಗೋಣಿ ಹೊದೆಸಿ ಇಟ್ಟೆ. ಮಕ್ಕಳು ಹೊರಡುವ ದಿನ ಪುಟ್ಟಿ ಬೆಂಕಿಪೊಟ್ಟಣ ತೆರೆದು ನೋಡಿದಳು. ಮೂರರ ಕೊಳವೆ ಗಾಡಿಯಲ್ಲೇ ಇತ್ತು. ಐದರದ್ದನ್ನು ಎತ್ತಿ ಕಣ್ಣಿಗೆ ಹಿಡಿದು ಅದರೊಳಗಿಂದ ನನ್ನನ್ನು ನೋಡಿ, ವಾಪಸ್ಸಿಟ್ಟು, ಪೊಟ್ಟಣದ ಮೇಲೆ ನನ್ನ ಅಕ್ಷರದ ಕೆಳಗೆ ಪೆನ್ಸಿಲಿನಲ್ಲಿ ಬರೆದಳು: "ಮುಂದಿನ ರಜೆ. ಅಣ್ಣ ಮುಟ್ಟಬಾರದು."